ನೆಲದಡಿಯ ತೇವ ಮತ್ತು ಮನೆ ಕೊಳ್ಳುವ ವಿವೇಕ

ಅಮೆರಿಕದ ನಾರ್ತ್ ಕೆರೊಲೈನಾ ರಾಜ್ಯದ ರಾಲಿ ನಗರದ ಸುತ್ತ ಕ್ಯಾರಿ, ಮಾರಿಸ್‌ವಿಲ್, ಏಪೆಕ್ಸ್ ಎಂಬ ಊರುಗಳಿವೆ. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕಂಪನಿಗಳಲ್ಲಿ ದುಡಿಯುವ ಎಷ್ಟೋ ಕನ್ನಡದ ಕುಟುಂಬಗಳು ಇಲ್ಲಿ ನೆಲೆಯೂರಿವೆ. ಮನೆ ಕೊಳ್ಳಲು ಹೊರಟಾಗ ಅವರು ಶಾಲೆ ಹೇಗಿದೆ ಎಂದು ವಿಚಾರಿಸುತ್ತಾರೆ, ಬಾಗಿಲು ಯಾವ ದಿಕ್ಕಿಗಿದೆ ಎಂದು ನೋಡುತ್ತಾರೆ, ಅಡುಗೆಮನೆಯ ಕಲ್ಲು, ಬಚ್ಚಲಿನ ನಲ್ಲಿ, ಹಿತ್ತಲಿನ ಅಳತೆ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಆ ಮನೆಯನ್ನು ಹೊತ್ತು ನಿಂತಿರುವ ಜಾಗವನ್ನು ಮಾತ್ರ ನೋಡುವವರು ಕಡಿಮೆ. ಸಾಲ ಮಂಜೂರಾಗಿ, ಮುಂಗಡ ಕೊಟ್ಟು, ಕರಾರಿಗೆ ಸಹಿ ಬಿದ್ದ ಮೇಲೆ ಮನೆಯ ತಪಾಸಣೆ ಮಾಡಿದ ಇನ್‌ಸ್ಪೆಕ್ಟರ್ ಕಳಿಸಿದ ವರದಿಯಲ್ಲಿ ಒಂದು ಸಾಲು ಕಾಣುತ್ತದೆ: ನೆಲದಡಿಯ ಮರದ ಮೇಲೆ ಬೂಷ್ಟಿನಂಥ ಬೆಳವಣಿಗೆ ಇದೆ, ತೇವಾಂಶ ಹೆಚ್ಚಿದೆ. ಅಲ್ಲಿಂದ ಗಾಬರಿ ಶುರುವಾಗುತ್ತದೆ.

ಈ ಗಾಬರಿಯಲ್ಲಿ ಜನ ಮಾಡುವ ತೀರ್ಮಾನ ಸಾಮಾನ್ಯವಾಗಿ ಎರಡರಲ್ಲಿ ಒಂದು. ಕೆಲವರು ಮನೆಯನ್ನೇ ಕೈಬಿಡುತ್ತಾರೆ. ಉಳಿದವರು ಬೂಷ್ಟು ತೆಗೆಸುವ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿಕೊಂಡು ಸಮಾಧಾನಪಡುತ್ತಾರೆ. ಎರಡೂ ತೀರ್ಮಾನಗಳು ತಪ್ಪು ಪ್ರಶ್ನೆಯಿಂದ ಹುಟ್ಟಿವೆ ಎಂಬುದು ನನ್ನ ವಾದ. ಬೂಷ್ಟು ಇದೆಯೋ ಇಲ್ಲವೋ, ಇದ್ದರೆ ಎಷ್ಟು, ಅದನ್ನು ಒರೆಸಲು ಎಷ್ಟು ಹಣ ಎಂದು ಕೇಳುವುದರಿಂದ ಮನೆಯ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ. ಕೇಳಬೇಕಾದದ್ದು ಒಂದೇ: ಈ ಜಾಗಕ್ಕೆ ನೀರು ಎಲ್ಲಿಂದ ಬರುತ್ತಿದೆ? ಇದಕ್ಕೆ ಖಚಿತ ಉತ್ತರ ಸಿಕ್ಕರೆ ಕೆಟ್ಟದಾಗಿ ಕಾಣುವ ಮನೆಯನ್ನೂ ಧೈರ್ಯವಾಗಿ ಕೊಳ್ಳಬಹುದು. ಉತ್ತರ ಸಿಗದಿದ್ದರೆ ಒರೆಸಿ ಬಣ್ಣ ಬಳಿದು ಹೊಳೆಯುವ ನೆಲದಡಿಯನ್ನೂ ನಂಬುವಂತಿಲ್ಲ.

ಮೊದಲು ಆ ಜಾಗ ಯಾವುದೆಂದು ಹೇಳಬೇಕು. ಕರ್ನಾಟಕದಲ್ಲಿ ನಾವು ಪಾಯ ತೆಗೆದು, ಕಲ್ಲು ಕಟ್ಟಿ, ಒಳಗೆ ಮಣ್ಣು ತುಂಬಿ, ದಮ್ಮಸು ಹಾಕಿ ಅದರ ಮೇಲೆ ನೆಲ ಮಾಡುತ್ತೇವೆ. ನೆಲಕ್ಕೂ ಭೂಮಿಗೂ ನಡುವೆ ಬಯಲು ಇರುವುದಿಲ್ಲ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ, ವಾಯವ್ಯದ ವಾಷಿಂಗ್ಟನ್, ಆರೆಗಾನ್‌ಗಳಲ್ಲಿ ಬಹಳಷ್ಟು ಮನೆಗಳು ಹಾಗಿಲ್ಲ. ಸುತ್ತ ಸಿಮೆಂಟ್ ಬ್ಲಾಕಿನ ಗಿಡ್ಡ ಗೋಡೆ ಕಟ್ಟಿ, ಅದರ ಮೇಲೆ ಮರದ ತೊಲೆಗಳನ್ನು ಸಾಲಾಗಿ ಜೋಡಿಸಿ, ತೊಲೆಗಳ ಮೇಲೆ ಹಲಗೆ ಹೊಡೆದು ನೆಲ ಮಾಡಿರುತ್ತಾರೆ. ಕೆಳಗೆ ಉಳಿಯುವ, ಸುಮಾರು 18 ಇಂಚಿನಿಂದ 4 ಅಡಿ ಎತ್ತರದ, ತೆವಳಿಕೊಂಡೇ ಹೋಗಬೇಕಾದ ಜಾಗವೇ ಕ್ರಾಲ್ ಸ್ಪೇಸ್. ನೀರಿನ ಪೈಪು, ವಿದ್ಯುತ್ ತಂತಿ, ಎಸಿಯ ಗಾಳಿಕೊಳವೆ ಎಲ್ಲ ಅಲ್ಲೇ ಹಾದುಹೋಗುತ್ತವೆ. ಮನೆಯ ಹಿಂಬದಿಯ ಗೋಡೆಯಲ್ಲಿ ಅದಕ್ಕೊಂದು ಪುಟ್ಟ ಬಾಗಿಲು ಇರುತ್ತದೆ. ಆ ಬಾಗಿಲನ್ನು ವರ್ಷಗಟ್ಟಲೆ ತೆರೆಯದ ಮನೆಗಳು ಎಷ್ಟೋ ಇವೆ.

ಬಾಗಿಲು ತೆರೆದು ಟಾರ್ಚ್ ಹಿಡಿದು ಒಳಗೆ ಹೊಕ್ಕರೆ ಮೊದಲು ಎದುರಾಗುವುದು ಮುಗ್ಗುಲು ವಾಸನೆ. ಕೆಳಗೆ ರಾಲಿ ಸುತ್ತಲಿನ ಕೆಂಪು ಜೇಡಿಮಣ್ಣು. ಅದು ನೀರನ್ನು ಬೇಗ ಹೀರಿಕೊಳ್ಳುವುದಿಲ್ಲ, ಹೀರಿಕೊಂಡರೆ ಬೇಗ ಬಿಡುವುದೂ ಇಲ್ಲ. ಮಣ್ಣಿನ ಮೇಲೆ ಹಾಸಿದ ಪ್ಲಾಸ್ಟಿಕ್ ಹಾಳೆ ಅಲ್ಲಲ್ಲಿ ಹರಿದು ಮುದುಡಿಕೊಂಡಿರುತ್ತದೆ. ತೊಲೆಗಳ ನಡುವೆ ಸಿಕ್ಕಿಸಿದ್ದ ಫೈಬರ್‌ಗ್ಲಾಸ್ ಹತ್ತಿ ನೀರು ಕುಡಿದು ಭಾರವಾಗಿ ಜೋತುಬಿದ್ದಿರುತ್ತದೆ. ಅದನ್ನು ಸರಿಸಿ ನೋಡಿದರೆ ತೊಲೆಯ ಪಕ್ಕೆಗಳಲ್ಲಿ ಬೂದುಬಿಳುಪಿನ ಪುಡಿಯಂಥ ಮಚ್ಚೆಗಳು. ಬ್ಲಾಕ್ ಗೋಡೆಯ ಕೆಳಭಾಗದಲ್ಲಿ ಬಿಳಿ ಉಪ್ಪಿನ ಗೆರೆ ಇದ್ದರೆ ಹೊರಗಿನ ನೀರು ಗೋಡೆಯ ಮೂಲಕ ಒಳಗೆ ಬಂದು ಆರಿದೆ ಎಂದು ಅರ್ಥ. ತೊಲೆಯನ್ನು ಹಿಡಿದಿರುವ ಕಬ್ಬಿಣದ ಪಟ್ಟಿ, ಮೊಳೆಗಳು ತುಕ್ಕು ಹಿಡಿದಿದ್ದರೆ ತೇವ ಇಂದು ನಿನ್ನೆಯದಲ್ಲ. ಇನ್‌ಸ್ಪೆಕ್ಟರ್ ತೇವಮಾಪಕದ ಎರಡು ಸೂಜಿಗಳನ್ನು ಮರಕ್ಕೆ ಚುಚ್ಚುತ್ತಾನೆ. ಅಂಕಿ 15 ಶೇಕಡದ ಒಳಗಿದ್ದರೆ ಚಿಂತೆಯಿಲ್ಲ. 19 ದಾಟಿದರೆ ಎಚ್ಚರ ಬೇಕು. 28ರಿಂದ 30ರ ಹತ್ತಿರ ಬಂದರೆ ಮರವನ್ನೇ ತಿಂದು ಟೊಳ್ಳು ಮಾಡುವ ಶಿಲೀಂಧ್ರಕ್ಕೆ ಅದು ಹದವಾದ ನೆಲ. ಆಮೇಲೆ ಅವನು ಸ್ಕ್ರೂಡ್ರೈವರಿನ ತುದಿಯಿಂದ ತೊಲೆಯನ್ನು ಒತ್ತಿ ನೋಡುತ್ತಾನೆ. ಮರ ಗಟ್ಟಿಯಾಗಿದ್ದರೆ ಬೂಷ್ಟು ಮೇಲ್ಮೈಯಲ್ಲಷ್ಟೇ ಇದೆ, ತುದಿ ಒಳಗೆ ಇಳಿದರೆ ಮರ ಕೊಳೆತಿದೆ. ಈ ಎರಡು ಸ್ಥಿತಿಗಳ ನಡುವಿನ ಅಂತರ ಸಾವಿರಾರು ಡಾಲರುಗಳದ್ದು. ವರದಿಯಲ್ಲಿ ಮಾತ್ರ ಎರಡೂ ಒಂದೇ ಸಾಲಿನಲ್ಲಿ ಮುಗಿದುಹೋಗಬಹುದು.

ಇಷ್ಟೊಂದು ಮನೆಗಳಲ್ಲಿ ಹೀಗೇಕೆ ಆಗುತ್ತದೆ? ಹಿಂದಿನ ಮಾಲೀಕರೆಲ್ಲ ಬೇಜವಾಬ್ದಾರಿಗಳೆಂದು ತಿಳಿಯುವುದು ಅನ್ಯಾಯ. ದೋಷದ ದೊಡ್ಡ ಪಾಲು ಕಟ್ಟುವ ಕ್ರಮದಲ್ಲೇ ಇದೆ. ಕ್ರಾಲ್ ಸ್ಪೇಸಿನ ಗೋಡೆಗಳಲ್ಲಿ ಗಾಳಿಕಿಂಡಿಗಳಿರಬೇಕೆಂದು ಅಮೆರಿಕದ ಕಟ್ಟಡ ನಿಯಮಗಳು ದಶಕಗಳಿಂದ ಹೇಳುತ್ತ ಬಂದಿವೆ. 150 ಚದರಡಿ ನೆಲಕ್ಕೆ 1 ಚದರಡಿ ಕಿಂಡಿ ಎಂಬುದು ಸಾಮಾನ್ಯ ಲೆಕ್ಕ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕ ವಿಲಿಯಂ ರೋಸ್ ಈ ಲೆಕ್ಕದ ಮೂಲವನ್ನು ಹುಡುಕಿಕೊಂಡು ಹೋದಾಗ ಅದು 1940ರ ದಶಕದ ಸರ್ಕಾರಿ ಗೃಹಸಾಲದ ಮಾನದಂಡಗಳಿಗೆ ಮುಟ್ಟಿತು. ಅದರ ಹಿಂದೆ ಗಟ್ಟಿಯಾದ ವೈಜ್ಞಾನಿಕ ಆಧಾರ ಸಿಗಲಿಲ್ಲ. ಗಾಳಿ ಆಡಿದರೆ ತೇವ ಆರುತ್ತದೆ ಎಂಬ ಸಾಮಾನ್ಯ ನಂಬಿಕೆ ನಿಯಮವಾಗಿ ಬರೆಯಲ್ಪಟ್ಟು, ಒಂದು ಪುಸ್ತಕದಿಂದ ಇನ್ನೊಂದಕ್ಕೆ ನಕಲಾಗುತ್ತ ಬಂತು.

ಈ ನಂಬಿಕೆ ನಮಗೆ ಅಪರಿಚಿತವಲ್ಲ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಬೆಳೆದವರಿಗೆ ಆಷಾಢ ಶ್ರಾವಣಗಳಲ್ಲಿ ಚರ್ಮದ ಚಪ್ಪಲಿ, ಪುಸ್ತಕದ ರಟ್ಟು, ಪೆಟ್ಟಿಗೆಯ ಬಟ್ಟೆಗೆ ಬೂಷ್ಟು ಹಿಡಿಯುವುದು ಗೊತ್ತು. ಬಿಸಿಲು ಬಿದ್ದ ದಿನ ಕಿಟಕಿ ಬಾಗಿಲು ತೆಗೆದು, ಎಲ್ಲವನ್ನೂ ಅಂಗಳದಲ್ಲಿ ಹರವಿದರೆ ಸರಿಹೋಗುತ್ತದೆ ಎಂಬುದೂ ಗೊತ್ತು. ಅಲ್ಲಿ ಅದು ಸರಿಯೇ. ಆ ಮನೆಗಳಲ್ಲಿ ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ಹೆಚ್ಚಿನ ಉಷ್ಣಾಂಶ ವ್ಯತ್ಯಾಸ ಇರುವುದಿಲ್ಲ, ಮಳೆ ಬಿಟ್ಟಾಗ ಬರುವ ಒಣಗಾಳಿ ತೇವವನ್ನು ಒಯ್ಯುತ್ತದೆ. ಕೆರೊಲೈನಾದ ಬೇಸಿಗೆಯಲ್ಲಿ ಲೆಕ್ಕ ಉಲ್ಟಾ. ಜುಲೈ ಮಧ್ಯಾಹ್ನ ಹೊರಗೆ 32 ಡಿಗ್ರಿ ಸೆಲ್ಸಿಯಸ್ ಬಿಸಿ, 60 ಶೇಕಡ ಆರ್ದ್ರತೆ ಇದೆ ಎಂದಿಟ್ಟುಕೊಳ್ಳೋಣ. ಮೇಲೆ ಮನೆಯಲ್ಲಿ ಎಸಿ ಓಡುತ್ತಿದೆ, ಕೆಳಗೆ ಭೂಮಿ ತಂಪಾಗಿದೆ. ಹೊರಗಿನ ಗಾಳಿ ಕಿಂಡಿಯಿಂದ ನುಗ್ಗಿ 24 ಡಿಗ್ರಿಗೆ ತಣಿದರೆ ಸಾಕು, ಅದರ ಆರ್ದ್ರತೆ 95 ಶೇಕಡ ದಾಟುತ್ತದೆ. 23 ಡಿಗ್ರಿಯ ಆಸುಪಾಸಿನಲ್ಲಿ ನೀರಾಗಿಯೇ ಇಳಿಯುತ್ತದೆ. ತಣ್ಣನೆಯ ನೀರು ತುಂಬಿದ ಲೋಟದ ಹೊರಮೈ ಬೆವರುವಂತೆ ಎಸಿಯ ಗಾಳಿಕೊಳವೆ ಬೆವರುತ್ತದೆ, ತೊಲೆ ತೇವ ಹೀರುತ್ತದೆ. ಒಣಗಿಸಲೆಂದು ಇಟ್ಟ ಕಿಂಡಿಯೇ ಬೇಸಿಗೆಯಿಡೀ ನೀರು ಹೊತ್ತು ತರುತ್ತದೆ.

ಇದು ಬರಿಯ ತರ್ಕವಲ್ಲ. 1999ರ ಫ್ಲಾಯ್ಡ್ ಚಂಡಮಾರುತದಲ್ಲಿ ಮುಳುಗಿದ ಪ್ರಿನ್ಸ್‌ವಿಲ್ ಎಂಬ ಊರು ಇದೇ ರಾಜ್ಯದಲ್ಲಿದೆ. ಗುಲಾಮಗಿರಿಯಿಂದ ಬಿಡುಗಡೆ ಪಡೆದ ಕಪ್ಪು ಜನರು ಕಟ್ಟಿದ ಹಳೆಯ ಊರು ಅದು. ರಾಲಿಯ ಅಡ್ವಾನ್ಸ್ಡ್ ಎನರ್ಜಿ ಸಂಸ್ಥೆ 2000ದ ದಶಕದ ಆರಂಭದಲ್ಲಿ ಅಲ್ಲಿನ 12 ಹೊಸ ಮನೆಗಳನ್ನು ಆರಿಸಿಕೊಂಡು ಕೆಲವಕ್ಕೆ ವಾಡಿಕೆಯಂತೆ ಕಿಂಡಿ ಬಿಟ್ಟಿತು, ಉಳಿದವುಗಳ ಕಿಂಡಿ ಮುಚ್ಚಿ, ನೆಲಕ್ಕೆ ಪ್ಲಾಸ್ಟಿಕ್ ಹೊದಿಸಿ, ತೇವ ನಿಯಂತ್ರಿಸಿತು. ಕಿಂಡಿಯಿದ್ದ ಮನೆಗಳ ನೆಲದಡಿ ಬೇಸಿಗೆಯಲ್ಲಿ ಒದ್ದೆಯಾಗಿಯೇ ಉಳಿಯಿತು, ಮುಚ್ಚಿದವು ಒಣಗಿದವು. ಮುಚ್ಚಿದ ಮನೆಗಳಲ್ಲಿ ಬಿಸಿ ಮತ್ತು ತಂಪು ಮಾಡುವ ವಿದ್ಯುತ್ ಸುಮಾರು 15 ಶೇಕಡ ಉಳಿಯಿತು. ಈಗ ಕಟ್ಟಡ ನಿಯಮಗಳು ಮುಚ್ಚಿದ ಕ್ರಾಲ್ ಸ್ಪೇಸಿಗೂ ಅವಕಾಶ ಕೊಡುತ್ತವೆ. ಆದರೆ ಮಾರಾಟಕ್ಕೆ ಬರುವ ಹಳೆಯ ಮನೆಗಳಲ್ಲಿ ಬಹುಪಾಲು ಕಿಂಡಿಗಳ ಕಾಲದವು. ಅಂಥ ಮನೆಯ ತೊಲೆಯ ಮೇಲೆ ಒಂದಿಷ್ಟು ಬೂಷ್ಟು ಕಂಡರೆ ಅದು ಅಪವಾದವೂ ಅಲ್ಲ, ಅಪರಾಧವೂ ಅಲ್ಲ. ಕೊಳ್ಳುವವರು ಇದನ್ನು ಅರಿತರೆ ಗಾಬರಿ ಅರ್ಧ ಇಳಿಯುತ್ತದೆ.

ಉಳಿದರ್ಧ ಆರೋಗ್ಯದ್ದು. ಇಲ್ಲಿಯೂ ಅತಿರೇಕದ ಮಾತುಗಳಿಗೆ ಕೊರತೆಯಿಲ್ಲ. ಕಪ್ಪು ಬೂಷ್ಟು ಎಂದರೆ ವಿಷ, ಕಂಡ ಕೂಡಲೇ ಓಡಬೇಕು ಎಂಬ ಭಯಕ್ಕೆ ಒಂದು ಚರಿತ್ರೆಯಿದೆ. 1993-94ರಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಹಸುಗೂಸುಗಳ ಶ್ವಾಸಕೋಶದಲ್ಲಿ ರಕ್ತಸ್ರಾವವಾದ ಪ್ರಕರಣಗಳನ್ನು ಮನೆಯ ಬೂಷ್ಟಿನ ಒಂದು ಜಾತಿಯೊಂದಿಗೆ ತಳುಕು ಹಾಕಲಾಯಿತು. 2000ದಲ್ಲಿ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಆ ಅಧ್ಯಯನಗಳನ್ನು ಮರುಪರಿಶೀಲಿಸಿ, ಸಂಬಂಧ ಸಾಬೀತಾಗಿಲ್ಲ ಎಂದಿತು. ಹಾಗೆಂದು ಬೂಷ್ಟು ನಿರುಪದ್ರವಿಯಲ್ಲ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2004ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಲಭ್ಯವಿದ್ದ ಪುರಾವೆಗಳನ್ನೆಲ್ಲ ತೂಗಿ ನೋಡಿ, ಒದ್ದೆ ಮನೆಗಳಿಗೂ ಕೆಮ್ಮು, ಉಬ್ಬಸ, ಆಸ್ತಮಾ ಉಲ್ಬಣಗಳಿಗೂ ನಂಟಿದೆ ಎಂದು ಹೇಳಿದವು. ನೆಲದಡಿಯಲ್ಲಿರುವುದು ನಮ್ಮ ಮೂಗಿಗೆ ಹೇಗೆ ತಲುಪುತ್ತದೆ ಎಂಬ ಪ್ರಶ್ನೆಗೆ ಉತ್ತರ ಸರಳ. ಬೆಚ್ಚಗಿನ ಗಾಳಿ ಮೇಲೇರಿ ಮಾಳಿಗೆಯಿಂದ ಹೊರಹೋದಾಗ ಆ ಜಾಗ ತುಂಬಲು ಕೆಳಗಿನ ಗಾಳಿ ಪೈಪಿನ ಸಂದು, ತಂತಿಯ ತೂತುಗಳ ಮೂಲಕ ಏರುತ್ತದೆ. ಸೀಳಿದ ಗಾಳಿಕೊಳವೆ ಇದ್ದರೆ ಎಸಿಯೇ ಆ ಗಾಳಿಯನ್ನು ಎಳೆದು ಮಲಗುವ ಕೋಣೆಗೆ ಬಿಡುತ್ತದೆ. ಮನೆಯಲ್ಲಿ ಆಸ್ತಮಾ ಇರುವ ಮಗುವೋ, ಊರಿನಿಂದ ಬಂದು ಆರು ತಿಂಗಳು ಇರುವ ವಯಸ್ಸಾದ ಅಪ್ಪ ಅಮ್ಮನೋ ಇದ್ದರೆ ನೆಲದಡಿಯ ಗಾಳಿಯನ್ನು ಕೇವಲ ಕಟ್ಟಡದ ವಿಷಯ ಎಂದು ತಳ್ಳಿಹಾಕುವಂತಿಲ್ಲ.

ಆದರೆ ಆರೋಗ್ಯದ ಕಾಳಜಿಯೂ ನಮ್ಮನ್ನು ಕರೆದೊಯ್ಯುವುದು ನೀರಿನ ಕಡೆಗೇ. ಕಣ್ಣಿಗೆ ಕಾಣುವ ಬೂಷ್ಟಿಗೆ ಸಾಮಾನ್ಯವಾಗಿ ಪ್ರಯೋಗಾಲಯದ ಪರೀಕ್ಷೆ ಅಗತ್ಯವಿಲ್ಲ, ಇಷ್ಟು ಕಣಗಳಿದ್ದರೆ ಸುರಕ್ಷಿತ ಎಂಬ ಒಕ್ಕೂಟ ಮಟ್ಟದ ಮಾನದಂಡವೂ ಇಲ್ಲ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಹೇಳುತ್ತದೆ. ಬ್ಲೀಚ್ ಮುಂತಾದ ನಾಶಕಗಳನ್ನು ವಾಡಿಕೆಯಾಗಿ ಬಳಸಬೇಡಿ ಎನ್ನುತ್ತದೆ, ಏಕೆಂದರೆ ಸತ್ತ ಬೂಷ್ಟಿನ ಕಣಗಳೂ ಅಲರ್ಜಿ ಉಂಟುಮಾಡಬಲ್ಲವು. ನೀರು ನಿಲ್ಲದೆ ಬೂಷ್ಟು ನಿಲ್ಲದು ಎಂಬುದು ಅದರ ಸಲಹೆಗಳ ತಿರುಳು. ಹೀಗಿರುವಾಗ ಬೂಷ್ಟಿನ ಜಾತಿ ಪತ್ತೆಗೆ ನೂರಾರು ಡಾಲರ್ ಕೊಟ್ಟು ವರದಿ ತರಿಸುವುದಕ್ಕಿಂತ, ಅದೇ ಹಣದಲ್ಲಿ ನೀರಿನ ದಾರಿ ಹುಡುಕುವ ಪರಿಣತರನ್ನು ಕರೆಸುವುದು ಮೇಲು.

ನೀರಿನ ದಾರಿಗಳು ಅನಂತವೇನಲ್ಲ. ಬೆರಳೆಣಿಕೆಯಷ್ಟಿವೆ. ಸೂರಿನ ಗಟರ್ ಎಲೆ ತುಂಬಿ ಉಕ್ಕುವುದು. ಮಳೆನೀರು ಇಳಿಸುವ ಪೈಪು ಗೋಡೆಯ ಬುಡದಲ್ಲೇ ನೀರು ಸುರಿಯುವುದು. ಅಂಗಳದ ಇಳಿಜಾರು ಮನೆಯ ಕಡೆಗಿರುವುದು. ಮೊದಲ 10 ಅಡಿಯಲ್ಲಿ ನೆಲ 6 ಇಂಚಾದರೂ ಮನೆಯಿಂದ ಹೊರಗೆ ಇಳಿಯಬೇಕು ಎಂಬುದು ನಿಯಮ. ಹೂಗಿಡಗಳಿಗೆ ಹಾಕಿದ ತೊಗಟೆ ಪುಡಿಯ ರಾಶಿ ಗಾಳಿಕಿಂಡಿಯವರೆಗೆ ಏರಿರುವುದು. ಒಳಗೆ ಪೈಪಿನ ಸೋರಿಕೆ, ಎಸಿಯ ನೀರು ಹೊರಗೆ ಹೋಗುವ ಕೊಳವೆ ಕಟ್ಟಿಕೊಳ್ಳುವುದು, ಬಟ್ಟೆ ಒಣಗಿಸುವ ಡ್ರೈಯರಿನ ಕೊಳವೆ ಕಳಚಿ ಬಿಸಿ ಹಬೆಯನ್ನೆಲ್ಲ ನೆಲದಡಿಗೇ ಬಿಡುವುದು. ಬರಿಮಣ್ಣಿನಿಂದ ಏರುವ ಆವಿ. ಕೊನೆಯದಾಗಿ, ಮೇಲೆ ಹೇಳಿದ ಬೇಸಿಗೆಯ ಗಾಳಿ. ಇವುಗಳಲ್ಲಿ ಯಾವುದು ಎಂದು ತಿಳಿಯದೆ ದುರಸ್ತಿಗೆ ಬೆಲೆ ಕಟ್ಟುವುದು ಅಸಾಧ್ಯ. ಗಟರಿನ ತಪ್ಪು ಒಂದು ಮಧ್ಯಾಹ್ನದ ಕೆಲಸ. ಇಳಿಜಾರಿನ ತಪ್ಪಿಗೆ ಮಣ್ಣು ತರಿಸಬೇಕು. ಅಂತರ್ಜಲವೇ ಏರುತ್ತಿದ್ದರೆ ಸುತ್ತ ಚರಂಡಿ ತೋಡಿ, ಗುಂಡಿಯಲ್ಲಿ ಪಂಪು ಕೂರಿಸಬೇಕು.

ನನಗೆ ಪರಿಚಯದ ಕುಟುಂಬವೊಂದು ಕ್ಯಾರಿಯಲ್ಲಿ ಹಳೆಯ ಮನೆಯೊಂದನ್ನು ಮೆಚ್ಚಿಕೊಂಡಿತ್ತು. ವರದಿಯಲ್ಲಿ ಬೂಷ್ಟು ಕಂಡಿತು. ಮಾರುವವರ ಕಡೆಯಿಂದ ಬಂದ ದುರಸ್ತಿ ಕಂಪನಿಯೊಂದು ಬೂಷ್ಟು ತೊಳೆದು, ನೆಲದಡಿಯನ್ನೆಲ್ಲ ದಪ್ಪ ಪ್ಲಾಸ್ಟಿಕ್‌ನಿಂದ ಮುಚ್ಚಿಬಿಡುವ ದೊಡ್ಡ ಯೋಜನೆ ಕೊಟ್ಟಿತು. ಈ ಕುಟುಂಬ ಹಣ ಕೊಟ್ಟು ಯಾವ ಕಂಪನಿಗೂ ಸೇರದ ಎಂಜಿನಿಯರ್ ಒಬ್ಬರನ್ನು ಕರೆಸಿತು. ಅವರು ಮೊದಲು ಮನೆಯನ್ನು ಹೊರಗಿನಿಂದ ಸುತ್ತು ಹಾಕಿದರು. ತೇವಮಾಪಕದ ಅಂಕಿ ಎಲ್ಲ ಕಡೆ ಒಂದೇ ಇರಲಿಲ್ಲ. ಹಿಂಬದಿಯ ಒಂದು ಮೂಲೆಯಲ್ಲಿ ಮಾತ್ರ ಏರಿತ್ತು. ಆ ಮೂಲೆಯ ನೇರಕ್ಕೆ ಹೊರಗೆ ಮಳೆನೀರಿನ ಪೈಪು ಗೋಡೆಗೆ ಅಂಟಿಕೊಂಡೇ ಮುಗಿದಿತ್ತು, ಒಳಗೆ ಡ್ರೈಯರಿನ ಕೊಳವೆ ಕಳಚಿ ಬಿದ್ದಿತ್ತು. ಮರ ಗಟ್ಟಿಯಾಗಿತ್ತು. ಅವೆರಡನ್ನೂ ಸರಿಪಡಿಸದೆ ಪ್ಲಾಸ್ಟಿಕ್ ಮುಚ್ಚಿದ್ದರೆ ನೀರು ಅದರ ಕೆಳಗೆ ಸೇರಿಕೊಂಡು, ಕಣ್ಣಿಗೆ ಕಾಣದೆ ಗೋಡೆಯ ಬುಡವನ್ನು ನೆನೆಸುತ್ತಿತ್ತು. ಕಾರಣ ತಿಳಿದ ಮೇಲೆ ಮಾತುಕತೆ ಸಲೀಸಾಯಿತು, ಮನೆಯೂ ಅವರದಾಯಿತು.

ಈ ಪ್ರಸಂಗ ಇನ್ನೊಂದು ಸಂಗತಿಯನ್ನು ಎತ್ತಿ ತೋರಿಸುತ್ತದೆ. ಮನೆಯ ವ್ಯವಹಾರದಲ್ಲಿ ನೀರಿನ ದಾರಿ ಹುಡುಕುವ ಹೊಣೆ ಯಾರದು? ಕಾಗದದಲ್ಲಿ ಎಲ್ಲರೂ ಇದ್ದಾರೆ, ಹೊಣೆ ಮಾತ್ರ ಕೊನೆಗೆ ಬೀಳುವುದು ಕೊಳ್ಳುವವರ ತಲೆಯ ಮೇಲೆ. ನಾರ್ತ್ ಕೆರೊಲೈನಾದಲ್ಲಿ ಮಾರುವವರು ಮನೆಯ ಸ್ಥಿತಿಗತಿಯ ಬಗ್ಗೆ ಒಂದು ನಮೂನೆ ತುಂಬಿಕೊಡಬೇಕು. ಹಲವು ಪ್ರಶ್ನೆಗಳಿಗೆ 'ಹೌದು', 'ಇಲ್ಲ' ಎನ್ನುವುದರ ಜೊತೆಗೆ 'ಏನನ್ನೂ ಹೇಳುವುದಿಲ್ಲ' ಎಂಬ ಮೂರನೆಯ ಉತ್ತರಕ್ಕೂ ಅಲ್ಲಿ ಜಾಗವಿದೆ. ಗೊತ್ತಿದ್ದೂ ಹೇಳದಿರಲು ಆ ಉತ್ತರ ಆಸರೆಯಾಗುತ್ತದೆ. ಪರವಾನಗಿ ಪಡೆದ ಏಜೆಂಟ್ ತನಗೆ ಗೊತ್ತಿರುವ ಮುಖ್ಯ ದೋಷವನ್ನು ಹೇಳಲೇಬೇಕು, ಆದರೆ ಆತ ನೆಲದಡಿಗೆ ಇಳಿದು ನೋಡುವವನಲ್ಲ. ಇನ್‌ಸ್ಪೆಕ್ಟರ್ ಇಳಿದು ನೋಡುತ್ತಾನೆ, ಆದರೆ ಬೂಷ್ಟನ್ನು ಗುರುತಿಸಿ ಹೆಸರಿಸುವುದು ಅವನ ಕಡ್ಡಾಯ ಕೆಲಸವಲ್ಲ. 'ಬೂಷ್ಟಿನಂಥ' ಎಂದು ಬರೆದು, ಪರಿಣತರನ್ನು ಕೇಳಿ ಎಂದು ಮುಗಿಸುತ್ತಾನೆ. ಆ ಪರಿಣತರೆಂದು ಬರುವವರು ಬಹುತೇಕ ದುರಸ್ತಿ ಮಾರುವ ಕಂಪನಿಯವರೇ. ಅವರ ತಪಾಸಣೆ ಉಚಿತ, ಏಕೆಂದರೆ ಲಾಭ ಇರುವುದು ದುರಸ್ತಿಯಲ್ಲಿ. ಟೆಕ್ಸಾಸ್‌ನಂಥ ಕೆಲವು ರಾಜ್ಯಗಳು ಬೂಷ್ಟು ತಪಾಸಣೆಗೂ ನಿವಾರಣೆಗೂ ಪರವಾನಗಿ ಕಡ್ಡಾಯ ಮಾಡಿವೆ. ನಾರ್ತ್ ಕೆರೊಲೈನಾದಲ್ಲಿ ಅಂಥ ಪರವಾನಗಿ ಇಲ್ಲ.

ವಿಮೆಯನ್ನು ನೆಚ್ಚುವಂತೆಯೂ ಇಲ್ಲ. 2001ರಲ್ಲಿ ಟೆಕ್ಸಾಸ್‌ನ ಕುಟುಂಬವೊಂದಕ್ಕೆ ಬೂಷ್ಟಿನ ಪ್ರಕರಣದಲ್ಲಿ ವಿಮಾ ಕಂಪನಿ 3.2 ಕೋಟಿ ಡಾಲರ್ ಕೊಡಬೇಕೆಂದು ಜ್ಯೂರಿ ತೀರ್ಪು ಕೊಟ್ಟಿತು. ಮೇಲ್ಮನವಿಯಲ್ಲಿ ಆ ಮೊತ್ತ ಬಹಳ ಇಳಿಯಿತು. ಆದರೆ ಅದರ ಆಸುಪಾಸಿನ ವರ್ಷಗಳಲ್ಲಿ ವಿಮಾ ಕಂಪನಿಗಳು ಬೂಷ್ಟನ್ನು ಪಾಲಿಸಿಯಿಂದ ಹೊರಗಿಡತೊಡಗಿದವು, ಇಲ್ಲವೇ ಸಣ್ಣ ಮಿತಿ ಹಾಕಿದವು. ಪೈಪು ಇದ್ದಕ್ಕಿದ್ದಂತೆ ಒಡೆದರೆ ವಿಮೆ ಸಿಗಬಹುದು, ವರ್ಷಗಟ್ಟಲೆ ಜಿನುಗಿದ ತೇವಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಆದ್ದರಿಂದ ಕೊಳ್ಳುವ ಮುನ್ನಿನ ಕೆಲವು ದಿನಗಳೇ ನಮ್ಮ ಕೈಯಲ್ಲಿರುವ ನಿಜವಾದ ರಕ್ಷಣೆ.

ಆ ದಿನಗಳಿಗೆ ಈ ರಾಜ್ಯದಲ್ಲಿ ಡ್ಯೂ ಡಿಲಿಜೆನ್ಸ್ ಅವಧಿ ಎನ್ನುತ್ತಾರೆ. ಕೊಳ್ಳುವವರು ಮಾರುವವರಿಗೆ ನೇರವಾಗಿ ಒಂದು ಶುಲ್ಕ ಕೊಟ್ಟು, ಗೊತ್ತುಮಾಡಿದ ತಾರೀಖಿನವರೆಗೆ ಮನೆಯನ್ನು ತಪಾಸಣೆ ಮಾಡಿಸುವ ಮತ್ತು ಯಾವುದೇ ಕಾರಣಕ್ಕೆ ಹಿಂದೆ ಸರಿಯುವ ಹಕ್ಕು ಪಡೆಯುತ್ತಾರೆ. ಹಿಂದೆ ಸರಿದರೆ ಆ ಶುಲ್ಕ ವಾಪಸು ಬರುವುದಿಲ್ಲ, ಕೊಂಡರೆ ಬೆಲೆಯಲ್ಲಿ ಸೇರಿಕೊಳ್ಳುತ್ತದೆ. ಪೈಪೋಟಿ ಜೋರಾದಾಗ ಈ ಶುಲ್ಕವನ್ನು ಏರಿಸಿ, ಅವಧಿಯನ್ನು ಕಿರಿದು ಮಾಡಿ, ತಪಾಸಣೆಯನ್ನೇ ಬಿಟ್ಟು ಕೊಳ್ಳುವ ಒತ್ತಡ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಕ್ರಾಲ್ ಸ್ಪೇಸ್ ಇರುವ ಮನೆಗೆ ಇದಕ್ಕಿಂತ ದೊಡ್ಡ ದುಡುಕು ಇಲ್ಲ. ದೊಡ್ಡ ಶುಲ್ಕ ಕೊಟ್ಟವರಿಗೆ ವರದಿ ಬಂದ ಮೇಲೂ ಹಿಂದೆ ಸರಿಯಲು ಮನಸ್ಸಾಗುವುದಿಲ್ಲ. ಕೊಟ್ಟ ಹಣವೇ ಕೈಕಟ್ಟುತ್ತದೆ. ಸಾಮಾನ್ಯ ಇನ್‌ಸ್ಪೆಕ್ಷನ್ನನ್ನು ಅವಧಿಯ ಮೊದಲ ದಿನಗಳಲ್ಲೇ ಮುಗಿಸಬೇಕು. ಅನುಮಾನ ಬಂದರೆ ದುರಸ್ತಿ ಮಾರದ ಎಂಜಿನಿಯರನ್ನೋ ಕಟ್ಟಡ ತೇವದ ಪರಿಣತರನ್ನೋ ಕರೆಸಲು ಆಗ ಸಮಯ ಉಳಿಯುತ್ತದೆ.

ಇದಕ್ಕೆ ಬರುವ ಪ್ರತಿವಾದಗಳು ಹಗುರವಾದವಲ್ಲ. ಇಲ್ಲಿನ ಎಲ್ಲ ಮನೆಗಳಲ್ಲೂ ಇದು ಇದ್ದದ್ದೇ, ಇಷ್ಟು ಕೆದಕಿದರೆ ಮನೆ ಇನ್ನೊಬ್ಬರ ಪಾಲಾಗುತ್ತದೆ ಎನ್ನುತ್ತಾರೆ ಕೆಲವರು. ಸಮಸ್ಯೆ ವ್ಯಾಪಕ ಎಂಬುದು ನಿಜ. ವ್ಯಾಪಕವಾಗಿರುವುದರಿಂದಲೇ ಸಣ್ಣದು ಯಾವುದು, ದೊಡ್ಡದು ಯಾವುದು ಎಂದು ಬೇರ್ಪಡಿಸುವ ಅಗತ್ಯ ಹೆಚ್ಚು. ಎಲ್ಲರಿಗೂ ನೆಗಡಿ ಬರುತ್ತದೆಂದು ಕ್ಷಯವನ್ನು ಪರೀಕ್ಷಿಸದೆ ಬಿಡಲಾಗದು. ಇನ್ನು ಕೆಲವರು, ಬೂಷ್ಟಿರುವ ಮನೆ ನಮಗೆ ಬೇಡವೇ ಬೇಡ ಎನ್ನುತ್ತಾರೆ. ಆರೋಗ್ಯದ ಕಾರಣಕ್ಕೆ ಹಾಗೆ ನಿರ್ಧರಿಸುವ ಹಕ್ಕು ಪ್ರತಿ ಕುಟುಂಬಕ್ಕೂ ಇದೆ. ಆದರೆ ಕಿಂಡಿಯಿರುವ ಒಂದು ಮನೆಯನ್ನು ಬಿಟ್ಟು, ಅಂಥದೇ ಇನ್ನೊಂದನ್ನು ವರದಿಯಲ್ಲಿ ಬೂಷ್ಟಿನ ಮಾತಿಲ್ಲ ಎಂಬ ಒಂದೇ ಕಾರಣಕ್ಕೆ ಕೊಂಡರೆ ಅಪಾಯ ತಪ್ಪಿತೆಂದು ಹೇಳಲಾಗದು. ಚಳಿಗಾಲದ ತಪಾಸಣೆಯಲ್ಲಿ ಒಣಗಿದಂತೆ ಕಂಡ ನೆಲದಡಿ ಜುಲೈನಲ್ಲಿ ಬೆವರಬಹುದು. ಮಾರಾಟಕ್ಕೆ ಮುಂಚೆ ತೊಲೆಗಳಿಗೆ ಹೊಸದಾಗಿ ಬಿಳಿಬಣ್ಣ ಬಳಿದಿದ್ದರೆ, ಬಣ್ಣದ ಕೆಳಗೆ ಏನಿತ್ತು, ಯಾರು ಯಾವಾಗ ಏಕೆ ಬಳಿದರು ಎಂದು ಕೇಳಿ, ಕೆಲಸದ ರಸೀದಿ ತರಿಸಿಕೊಳ್ಳಬೇಕು.

ದುರಸ್ತಿಗೂ ಒಂದು ಕ್ರಮವಿದೆ, ಕ್ರಮ ತಪ್ಪಿದರೆ ಹಣ ಮಣ್ಣುಪಾಲು. ಮೊದಲು ಹೊರಗಿನ ನೀರು: ಗಟರ್, ಪೈಪು, ಇಳಿಜಾರು. ಎರಡನೆಯದು ಒಳಗಿನ ಸೋರಿಕೆಗಳು. ಮೂರನೆಯದು ಮಣ್ಣು, ಕನಿಷ್ಠ 6 ಮಿಲ್ (ಇಂಚಿನ ಸಾವಿರದಲ್ಲಿ 6 ಭಾಗ) ದಪ್ಪದ ಪ್ಲಾಸ್ಟಿಕ್ ಹಾಳೆ ಒಂದಿಂಚೂ ಬರಿಮಣ್ಣು ಕಾಣದಂತೆ, ಒಂದರ ಅಂಚಿನ ಮೇಲೊಂದು ಬರುವಂತೆ ಹೊದಿಸಬೇಕು. ಆಮೇಲೆ ಕೊಳೆತ ಮರ ಬದಲಿಸುವುದು, ಬೂಷ್ಟು ಉಜ್ಜಿ ತೆಗೆದು ಶುಚಿಗೊಳಿಸುವುದು. ಕಿಂಡಿಗಳನ್ನು ಮುಚ್ಚಿ, ದಪ್ಪ ಹಾಳೆಯನ್ನು ಗೋಡೆಯವರೆಗೆ ಏರಿಸಿ, ಡಿಹ್ಯುಮಿಡಿಫೈಯರ್ ಕೂರಿಸುವ ಎನ್‌ಕ್ಯಾಪ್ಸುಲೇಷನ್ ಕೊನೆಯ ಹಂತ. ಇದಕ್ಕೆ ಕೆಲವು ಸಾವಿರ ಡಾಲರಿನಿಂದ ಹದಿನೈದು ಸಾವಿರಕ್ಕೂ ಮೀರಿ ಖರ್ಚಾಗಬಹುದು. ಚೆನ್ನಾಗಿ ಮಾಡಿದರೆ ಇದು ಒಳ್ಳೆಯ ಪರಿಹಾರ ಎಂಬುದನ್ನು ಪ್ರಿನ್ಸ್‌ವಿಲ್ ತೋರಿಸಿದೆ. ಆದರೆ ನೆಲದಡಿಯಲ್ಲೇ ಗ್ಯಾಸಿನ ಫರ್ನೇಸ್ ಇದ್ದು ಅದು ಉರಿಯಲು ಅಲ್ಲಿನ ಗಾಳಿಯನ್ನೇ ನೆಚ್ಚಿದ್ದರೆ, ಕಿಂಡಿ ಮುಚ್ಚುವುದು ಜೀವಕ್ಕೇ ಅಪಾಯ. ಗೆದ್ದಲು ತಪಾಸಣೆಗೆ ಗೋಡೆಯ ಮೇಲ್ತುದಿಯಲ್ಲಿ ಕೆಲವು ಇಂಚು ತೆರೆದು ಬಿಡಬೇಕು. ಈ ಪ್ರಶ್ನೆಗಳನ್ನು ತಾವಾಗಿಯೇ ಎತ್ತದ ಕಂಪನಿಗೆ ಕೆಲಸ ಕೊಡಬಾರದು.

ಮಾರುವವರೊಡನೆ ಮಾತಾಡುವಾಗಲೂ ಇದೇ ಕ್ರಮ ನೆರವಿಗೆ ಬರುತ್ತದೆ. ಬೂಷ್ಟು ಇದೆ, ಹತ್ತು ಸಾವಿರ ಇಳಿಸಿ ಎಂಬ ಬೇಡಿಕೆ ಚೌಕಾಸಿಯಂತೆ ಕೇಳಿಸುತ್ತದೆ. ಈ ಮೂಲೆಯಲ್ಲಿ ಈ ಕಾರಣಕ್ಕೆ ನೀರು ಬರುತ್ತಿದೆ, ಇಷ್ಟು ತೊಲೆಗಳಲ್ಲಿ ತೇವ ಇಷ್ಟಿದೆ, ಸರಿಪಡಿಸಲು ಈ ಕೆಲಸ ಬೇಕು ಎಂಬ ಬರಹದ ವರದಿ ಎದುರಿಗಿದ್ದರೆ ಮಾರುವವರೂ ಅದನ್ನು ಒಪ್ಪಿಕೊಳ್ಳುವ ಸಾಧ್ಯತೆ ಹೆಚ್ಚು. ಈ ಗ್ರಾಹಕರು ಹೋದರೂ ಮುಂದಿನವರಿಗೆ ಅದೇ ಪ್ರಶ್ನೆಗೆ ಉತ್ತರ ಕೊಡಬೇಕೆಂಬುದು ಅವರಿಗೂ ಗೊತ್ತು, ದೋಷ ಗೊತ್ತಾದ ಏಜೆಂಟ್ ಮುಂದೆ ಅದನ್ನು ಮುಚ್ಚಿಡುವಂತೆಯೂ ಇಲ್ಲ. ಸಾಧ್ಯವಾದರೆ ದುರಸ್ತಿಯನ್ನು ಮಾರುವವರಿಂದ ಆತುರದಲ್ಲಿ ಮಾಡಿಸುವುದಕ್ಕಿಂತ, ಆ ಹಣವನ್ನು ವ್ಯವಹಾರ ಮುಗಿಯುವಾಗ ಲೆಕ್ಕದಲ್ಲಿ ಪಡೆದು ತಾವೇ ಆರಿಸಿದವರಿಂದ ಮಾಡಿಸುವುದು ವಾಸಿ. ಕೆಲಸ ಎಷ್ಟು ಚೆನ್ನಾಗಿದೆ ಎಂಬುದರಲ್ಲಿ ಆಸಕ್ತಿ ಇರುವುದು ಆ ಮನೆಯಲ್ಲಿ ಬಾಳುವವರಿಗೆ.

ಕೊಂಡ ಮೇಲೂ ಹೊಣೆ ಮುಗಿಯುವುದಿಲ್ಲ. ಫೋನಿಗೆ ಸೂಚನೆ ಕಳಿಸುವ ಆರ್ದ್ರತೆ ಮಾಪಕಗಳು ಈಗ ಕಡಿಮೆ ಬೆಲೆಗೆ ಸಿಗುತ್ತವೆ. ಒಂದನ್ನು ನೆಲದಡಿಯಲ್ಲಿಟ್ಟು, ಅಂಕಿ ವಾರಗಟ್ಟಲೆ 70 ಶೇಕಡ ಮೀರಿ ನಿಂತರೆ ಕಾರಣ ಹುಡುಕಬೇಕು. ಜೋರು ಮಳೆ ಸುರಿದ ಮರುದಿನ ಟಾರ್ಚ್ ಹಿಡಿದು ಆ ಪುಟ್ಟ ಬಾಗಿಲು ತೆರೆದು ನೋಡುವುದು ವರ್ಷಕ್ಕೆ ಒಂದೆರಡು ಬಾರಿಯಾದರೂ ಆಗಬೇಕು. ಒದ್ದೆಯಾದದ್ದು 24ರಿಂದ 48 ಗಂಟೆಗಳ ಒಳಗೆ ಒಣಗಿದರೆ ಬೂಷ್ಟಿಗೆ ಸಾಮಾನ್ಯವಾಗಿ ಅವಕಾಶವೇ ಸಿಗುವುದಿಲ್ಲ.

ಇಷ್ಟೆಲ್ಲ ಎಚ್ಚರವನ್ನು ಒಬ್ಬೊಬ್ಬ ಕೊಳ್ಳುಗರೇ ವಹಿಸಬೇಕಾಗಿರುವುದು ನ್ಯಾಯವಲ್ಲ ಎಂಬುದನ್ನೂ ಹೇಳಬೇಕು. ಗೊತ್ತಿರುವ ತೇವವನ್ನು 'ಹೇಳುವುದಿಲ್ಲ' ಎಂದು ಮುಚ್ಚಿಡುವ ಅವಕಾಶವನ್ನು ಕಾನೂನು ತೆಗೆದುಹಾಕಬೇಕು. ತಪಾಸಣೆ ಮಾಡುವವರೇ ದುರಸ್ತಿಯನ್ನೂ ಮಾರುವುದಕ್ಕೆ ಕಡಿವಾಣ ಬೇಕು. ತೊಲೆಗಳ ತೇವದ ಅಂಕಿಗಳನ್ನು ಯಾವ ಜಾಗದ್ದು ಎಂಬುದರ ಸಮೇತ ಬರೆಯುವುದು ಇನ್‌ಸ್ಪೆಕ್ಷನ್ ವರದಿಯ ಕಡ್ಡಾಯ ಭಾಗವಾಗಬೇಕು. ಇವು ಆಗುವವರೆಗೆ, ಮೊದಲು ಬಂದು ನೆಲೆಸಿದವರು ಹೊಸದಾಗಿ ಬರುವವರಿಗೆ ಶಾಲೆ, ದೇವಸ್ಥಾನ, ದಿನಸಿ ಅಂಗಡಿಗಳ ವಿಷಯ ಹೇಳುವಾಗ ನೆಲದಡಿಯ ವಿಷಯವನ್ನೂ ಹೇಳಬೇಕು. ದಶಕಗಳ ದುಡಿಮೆಯನ್ನು ಒತ್ತೆಯಿಟ್ಟು ಕೊಳ್ಳುವ ಮನೆಗೆ ನೀರು ಎಲ್ಲಿಂದ ಬರುತ್ತಿದೆ ಎಂದು ಕೇಳುವುದು ಅನುಮಾನದ ಸ್ವಭಾವವಲ್ಲ, ಕೊಳ್ಳುವವರ ಹಕ್ಕು. ಉತ್ತರ ಬರುವವರೆಗೆ ಕೊನೆಯ ಸಹಿ ಹಾಕದೆ ಕಾಯುವಷ್ಟು ಗಟ್ಟಿತನ ಅದರ ಜೊತೆಗಿರಬೇಕು.